'ಪ್ಲಶ್' ಎಂಬ ಮೆತ್ತನೆಯ ಪದ

ಇಂಗ್ಲಿಷ್ ನಿಘಂಟಿನಲ್ಲಿ 'ಪ್ಲಶ್' ಎಂಬ ಗುಣವಾಚಕದ ಎದುರು ಎರಡು ಅರ್ಥಗಳಿವೆ: ಮೆತ್ತನೆಯ, ಐಷಾರಾಮಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಬೆರಳಿಗೆ ತಿಳಿಯುವ ಮೆತ್ತಗೂ ಹಣದಿಂದ ಬರುವ ಐಷಾರಾಮವೂ ಒಂದೇ ಪದದೊಳಗೆ ಹೇಗೆ ಸೇರಿಕೊಂಡವು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದರೆ ಆ ಪದ ನಮ್ಮ ಮನೆಯ ಹತ್ತಿರಕ್ಕೇ ಬಂತು.

ಪ್ಲಶ್ ಎಂಬುದು ಮೊದಲು ಒಂದು ಬಟ್ಟೆಯ ಹೆಸರು. 16ನೇ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ 'ಪಿಲಸ್', ಅಂದರೆ ಕೂದಲು. ಬಟ್ಟೆಯ ಮೈಮೇಲೆ ಸಣ್ಣ ಸಣ್ಣ ಎಳೆಗಳು ಕೂದಲಿನಂತೆ ಎದ್ದು ನಿಲ್ಲುವುದರಿಂದ ಆ ಹೆಸರು. ವೆಲ್ವೆಟ್ ಪದದ ಮೂಲಕ್ಕೂ ಕೂದಲೇ ಅರ್ಥ. ನಾವು ಮಕಮಲ್ಲು ಎನ್ನುತ್ತೇವಲ್ಲ, ಅದರ ಮೂಲ ಅರಬ್ಬಿಯದು. ಅಲ್ಲಿಯೂ ಬಟ್ಟೆಯ ಮೇಲೆ ಎದ್ದ ಜುಂಗನ್ನೇ ಅದು ಹೇಳುತ್ತದೆ. ಬೇರೆ ಬೇರೆ ಭಾಷೆಯ ಜನ ಒಂದೇ ತರಹದ ಬಟ್ಟೆಯ ಮೇಲೆ ಕೈಯಾಡಿಸಿ ಒಂದೇ ಸಂಗತಿಯನ್ನು ಗಮನಿಸಿದ್ದರು! ಇಂಥ ಬಟ್ಟೆ ಕೊಳ್ಳಲು ಶಕ್ತಿಯಿದ್ದವರು ಸಿರಿವಂತರು. ಹಾಗಾಗಿ ಬಟ್ಟೆಯ ಹೆಸರು ನಿಧಾನಕ್ಕೆ ಸಿರಿತನದ ಗುಣವಾಚಕವಾಯಿತು.

ಸಮಾನಾರ್ಥಕ ಪದಗಳನ್ನು ನಾವು ಒಂದೇ ಸಾಲಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತೇವೆ. ಆದರೆ ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇಂಗ್ಲಿಷಿನಲ್ಲಿ ಸೋಫಾ ಪ್ಲಶ್ ಆಗಬಹುದು, ಹೋಟೆಲ್ ಪ್ಲಶ್ ಆಗಬಹುದು. ಮನಸ್ಸು ಆಗುವುದಿಲ್ಲ, ಅದಕ್ಕೆ 'ಸಾಫ್ಟ್' ಬೇಕು. ಕನ್ನಡದಲ್ಲೂ ಹಾಗೆಯೇ. ಇಡ್ಲಿ ಮೆತ್ತಗಿರುತ್ತದೆ, ಕೋಮಲವಾಗಿರುವುದಿಲ್ಲ. ಮಗುವಿನ ಕೆನ್ನೆ ಕೋಮಲ. ಕಲ್ಲು ನುಣುಪಾಗಿರಬಹುದು, ಮೃದುವಾಗಿರಲಾರದು. 'ನಯ' ಎಂದರೆ ವಿನಯದ ಜೊತೆ ನಿಲ್ಲುತ್ತದೆ, 'ನಯವಂಚಕ' ಎಂದಾಗ ಮೋಸದ ಜೊತೆಗೂ ಹೋಗುತ್ತದೆ. ಮೆತ್ತಗೂ ಸುಖವೂ ಎರಡೂ ಕೂಡಿದ ಪದ ಬೇಕೆಂದರೆ ನಮ್ಮಲ್ಲಿ 'ಸುಪ್ಪತ್ತಿಗೆ' ಇದೆ. ಅದು ಹಾಸಿಗೆಯ ಹೆಸರು. ಇಂಗ್ಲಿಷ್ ಬಟ್ಟೆಯಿಂದ ಹೊರಟರೆ ಕನ್ನಡ ಹಾಸಿಗೆಯಿಂದ ಹೊರಟಿತು.

ಈ ಸೂಕ್ಷ್ಮ ನಮಗೆ ಹೊಸದಲ್ಲ. ಕುರ್‌ಆನ್‌ನ ಅಲ್-ಕಹ್ಫ್ ಅಧ್ಯಾಯದಲ್ಲಿ ಸ್ವರ್ಗವಾಸಿಗಳ ಉಡುಪಿನ ಮಾತು ಬರುವಾಗ ಸುಂದುಸ್, ಇಸ್ತಬ್ರಕ್ ಎಂಬ ಎರಡು ಪದಗಳಿವೆ. ಎರಡೂ ರೇಷ್ಮೆಯೇ, ಮೊದಲನೆಯದು ತೆಳುವಾದದ್ದು, ಎರಡನೆಯದು ದಪ್ಪನೆಯದು. ಈ ಲೋಕದಲ್ಲಿ ಗಂಡಸರಿಗೆ ಶುದ್ಧ ರೇಷ್ಮೆ ಉಡಲು ಧರ್ಮದ ಅನುಮತಿಯಿಲ್ಲ. ಅದಕ್ಕೆ ನೇಕಾರರು ಕಂಡುಕೊಂಡ ದಾರಿ 'ಮಶ್ರೂ' ಬಟ್ಟೆ. ಹೊರಗೆ ರೇಷ್ಮೆ ಹೊಳೆಯುತ್ತದೆ, ಮೈಗೆ ತಾಗುವುದು ಹತ್ತಿ. ಗುಜರಾತಿನ ಪಾಟಣದಲ್ಲಿ ಅದನ್ನು ಈಗಲೂ ನೇಯುತ್ತಾರೆ. ಮಶ್ರೂ ಎಂದರೆ ಧರ್ಮ ಒಪ್ಪಿದ್ದು ಎಂದರ್ಥ. ಒಂದು ಬಟ್ಟೆಯ ಹೆಸರಿನಲ್ಲೇ ಅದನ್ನು ಉಡುವ ನಿಯಮವೂ ಇದೆ.

ರೇಷ್ಮೆಯ ಮಾತು ಬಂದಮೇಲೆ ನಮ್ಮ ರಾಮನಗರವನ್ನು ಬಿಟ್ಟು ಮುಂದೆ ಹೋಗಲಾಗದು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರು ಸೀಮೆಗೆ ತಂದ ಕಸುಬು ಇದು. ನಮ್ಮ ಅಮ್ಮಿ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋಗುತ್ತಾರೆ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿ ಹಿಡಿದು, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು 1,000 ಮೀಟರ್ ಎಳೆ ಇರುತ್ತದೆ. ಹಾಗೆ ಬಿಚ್ಚಿದ ಕಚ್ಚಾ ರೇಷ್ಮೆ ಮೆತ್ತಗಿರುವುದಿಲ್ಲ ಎಂದರೆ ಹಲವರು ನಂಬುವುದಿಲ್ಲ. ಸೆರಿಸಿನ್ ಎಂಬ ಅಂಟು ಅದಕ್ಕೆ ಮೆತ್ತಿಕೊಂಡಿರುತ್ತದೆ, ತೂಕದ ಸುಮಾರು ಕಾಲುಭಾಗ ಅದೇ. ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದ ಮೇಲೆಯೇ ರೇಷ್ಮೆಗೆ ನಾವು ಹೊಗಳುವ ಆ ನವಿರು ಬರುತ್ತದೆ.

ಅಷ್ಟರೊಳಗೆ ಇನ್ನೊಂದು ಮೆತ್ತಗಾಗಿರುತ್ತದೆ. ಸಂಜೆ ಮನೆಗೆ ಬಂದು ಅಮ್ಮಿ ದಖನಿಯಲ್ಲಿ "ಹಾತಾಂ ನರಮ್ ಹೋ ಗಯೇ" ಎನ್ನುತ್ತಾರೆ. ಕೈ ಮೆತ್ತಗಾಗಿವೆ ಎಂದು. ಇಡೀ ದಿನ ಬಿಸಿನೀರಿನಲ್ಲಿ ಅದ್ದಿದ ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತಿರುತ್ತದೆ. ಆ ದಿನ ಮೆಣಸಿನಕಾಯಿ ಹೆಚ್ಚುವುದು ನಾನು. ಅಂಗಡಿಯವರು ಸೀರೆ ತೋರಿಸುತ್ತಾ 'ನರಮ್' ಎಂದಾಗ ಅದು ಹೊಗಳಿಕೆ. ನಮ್ಮ ಮನೆಯಲ್ಲಿ ಅದೇ ಪದ ನೋವು. ಯಾವ ನಿಘಂಟಿನಲ್ಲೂ ಈ ಎರಡನೆಯ ಅರ್ಥವನ್ನು ನಾನು ಕಂಡಿಲ್ಲ.

ಇನ್ನು ಉಳಿದದ್ದು 'ಐಷಾರಾಮಿ'. ಜಾಹೀರಾತುಗಳಲ್ಲಿ ಬಸ್ಸಿಗೂ ಬಂಗಲೆಗೂ ಅಂಟಿಕೊಂಡಿರುವ ಈ ಪದವನ್ನು ಬಿಡಿಸಿದರೆ ಐಷ್, ಆರಾಮ್ ಎಂಬ ಎರಡು ತುಂಡು ಸಿಗುತ್ತವೆ. ಆರಾಮ್ ಫಾರಸಿಯದು, ವಿಶ್ರಾಂತಿ ಎಂದರ್ಥ. ಐಷ್ ಅರಬ್ಬಿಯದು, ಮೂಲ ಅರ್ಥ ಬದುಕು. ಈಜಿಪ್ಟಿನ ಜನ ದಿನವೂ ತಿನ್ನುವ ರೊಟ್ಟಿಯನ್ನೇ ಐಷ್ ಎಂದು ಕರೆಯುತ್ತಾರೆ. ಅಂದರೆ ನಮ್ಮ ಐಷಾರಾಮದ ಒಳಗಿರುವುದು ಚಿನ್ನವೂ ಅಲ್ಲ, ಮಕಮಲ್ಲೂ ಅಲ್ಲ. ರೊಟ್ಟಿ ಮತ್ತು ವಿಶ್ರಾಂತಿ.

ರೊಟ್ಟಿ ನಮ್ಮ ಮನೆಯಲ್ಲಿದೆ, ಅಲ್‌ಹಮ್ದುಲಿಲ್ಲಾಹ್. ವಿಶ್ರಾಂತಿ ಇನ್ನೂ ಬಂದಿಲ್ಲ. ನನ್ನ ಓದು ಮುಗಿದು ಒಂದು ಕೆಲಸ ಸಿಕ್ಕಿದರೆ ಅಮ್ಮಿ ಬಿಸಿನೀರಿನ ತೊಟ್ಟಿಯಿಂದ ಕೈ ತೆಗೆಯಬಹುದು. ಪ್ಲಶ್ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದರೆ ನಾನು ಸೋಫಾದ ಬಗ್ಗೆಯೇ ಬರೆಯುತ್ತೇನೆ, ವ್ಯಾಕರಣ ಅದನ್ನೇ ಕೇಳುತ್ತದೆ. ಐಷಾರಾಮಿ ಪದಕ್ಕೆ ಮಾತ್ರ ನನ್ನ ಬಳಿ ಬೇರೆಯದೇ ವಾಕ್ಯವಿದೆ: ಅಮ್ಮಿಯ ಕೈ ಒಣಗಿದ ಒಂದು ಭಾನುವಾರ.