ದಂಡಿನಿಂದ ಕೃಷ್ಣರಾಜಪುರದ ದಾರಿ

ಬೆಂಗಳೂರಿನ ಪೂರ್ವಭಾಗವನ್ನು ನೋಡಬೇಕೆಂಬ ವಾಚಕರು ಶಿವಾಜಿನಗರದಿಂದ ಹೊರಡುವುದು ಉಚಿತವು. 1809ರಲ್ಲಿ ಆಂಗ್ಲರ ಸೈನ್ಯವು ಶ್ರೀರಂಗಪಟ್ಟಣದಿಂದ ಬಂದು ಇಲ್ಲಿ ಬೀಡುಬಿಟ್ಟುದರಿಂದ ಈ ಸೀಮೆಗೆ ದಂಡು ಎಂಬ ಹೆಸರಾಯಿತು. 1864ರಲ್ಲಿ ಇಲ್ಲಿಂದ ಜೋಲಾರಪೇಟೆಗೆ ರೈಲುದಾರಿಯು ತೆರೆಯಿತು. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ರಸಲ್ ಮಾರುಕಟ್ಟೆಯ ಹೂಹಣ್ಣುಗಳನ್ನು ನೋಡಿಕೊಂಡು ಹಲಸೂರಿಗೆ ಬಂದರೆ, ದಂಡಿಗಿಂತಲೂ ಬಹು ಪ್ರಾಚೀನವಾದ ಸೋಮೇಶ್ವರ ದೇವಾಲಯವೂ ವಿಸ್ತಾರವಾದ ಕೆರೆಯೂ ಕಾಣುವುವು. ಅಲ್ಲಿಂದ ಹಳೆಯ ಮದರಾಸು ರಸ್ತೆಯು ಇಂದಿರಾನಗರದ ಅಂಚನ್ನು ಹಾದು, ಟಿನ್ ಫ್ಯಾಕ್ಟರಿಯ ಕೂಡುದಾರಿಯನ್ನು ದಾಟಿ, ಕೃಷ್ಣರಾಜಪುರದ ತೂಗುಸೇತುವೆಯನ್ನು ಮುಟ್ಟುವುದು.

ವೈಟ್‌ಫೀಲ್ಡಿನ ಕಂಪ್ಯೂಟರ್ ಕಚೇರಿಗಳಿಗೆ ಹೋಗುವ ಸಹಸ್ರಾರು ಜನರು ಈ ದಾರಿಯಲ್ಲಿ ಪ್ರತಿದಿನವೂ ಸವೆಸುವ ಕಾಲಕ್ಕೆ ಲೆಕ್ಕವಿಡುವರಾರು? 2020ರ ಮಾರ್ಚಿ 25ರಿಂದ ಮಹಾವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ರಸ್ತೆಯು ನಿರ್ಜನವಾಯಿತು. ಕಚೇರಿಯೇ ಮನೆಗೆ ನಡೆದು ಬಂದಿತು. ವಿಚಾರಿಸಿ ನೋಡಿದರೆ ಇದು ಕೇವಲ ನೂತನವಲ್ಲ. ನೇಕಾರನ ಮಗ್ಗವೂ ಶ್ಯಾನುಭೋಗರ ಕಡತವೂ ಮನೆಯಲ್ಲಿಯೇ ಇದ್ದುವಷ್ಟೆ.

ಇಂದಿರಾನಗರದಲ್ಲಿರುವ ನಮ್ಮ ಪೂರ್ವಶಿಷ್ಯನೊಬ್ಬನು, “ಮೇಷ್ಟ್ರೇ, ದಾರಿಯ ಮೂರು ಗಂಟೆ ಉಳಿಯಿತು; ಆದರೆ ಕಚೇರಿಗೆ ಬೀಗ ಹಾಕುವ ಹೊತ್ತೇ ಇಲ್ಲದಾಯಿತು” ಎಂದನು. ಅವನ ಪತ್ನಿಯೂ ಉದ್ಯೋಗಸ್ಥೆ. ಮನೆಯ ಏಕೈಕ ಮೇಜು ಗಂಡನ ಪಾಲಾಗಲು, ಆಕೆಯು ಅಡಿಗೆಮನೆಯ ಕಟ್ಟೆಯ ಮೇಲೆ ಯಂತ್ರವನ್ನಿಟ್ಟುಕೊಂಡು, ಒಲೆಯನ್ನೂ ನೋಡುತ್ತ ದುಡಿದಳಂತೆ. ಇದನ್ನು ಗೃಹಸ್ಥರು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಹಾಗಾದರೆ ಕೆಲಸವು ಕುಂದುವುದೋ? ಚೀನಾದೇಶದ ಪ್ರವಾಸಸಂಸ್ಥೆಯೊಂದರಲ್ಲಿ ನಿಕೊಲಸ್ ಬ್ಲೂಮ್ ಎಂಬ ಪಂಡಿತರೂ ಅವರ ಸಂಗಡಿಗರೂ ಒಂಬತ್ತು ತಿಂಗಳು ಪರೀಕ್ಷಿಸಿ, 2015ರಲ್ಲಿ ಫಲವನ್ನು ಪ್ರಕಟಿಸಿದರು. ಮನೆಯಲ್ಲಿ ದುಡಿದವರ ಕೆಲಸವು ನೂರಕ್ಕೆ 13ರಷ್ಟು ಹೆಚ್ಚಿತು. ಬಿಡುವನ್ನೂ ರಜವನ್ನೂ ಕಡಮೆ ತೆಗೆದುಕೊಂಡುದೇ ಅದಕ್ಕೆ ಮುಖ್ಯಕಾರಣ. ಆದರೆ ಕೆಲಸಕ್ಕೆ ತಕ್ಕಷ್ಟು ಬಡ್ತಿ ಅವರಿಗೆ ದೊರೆಯಲಿಲ್ಲ. ಏಕಾಂತಕ್ಕೆ ಬೇಸತ್ತು ಅರ್ಧದಷ್ಟು ಜನರು ಕಚೇರಿಗೆ ಮರಳಲು ಬಯಸಿದರು. ಅದೇ ಸಂಸ್ಥೆಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಲ್ಲಿರಿಸಿ ನೋಡಿದ ಮತ್ತೊಂದು ಪರೀಕ್ಷೆಯು 2024ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲಸವು ಕುಂದಲಿಲ್ಲ; ಉದ್ಯೋಗವನ್ನು ಬಿಟ್ಟುಹೋಗುವವರೋ ಮೂರನೆಯ ಒಂದು ಪಾಲಿನಷ್ಟು ಕಡಮೆಯಾದರು. ಅತಿಯನ್ನು ಬಿಟ್ಟ ಈ ಮಧ್ಯಮಮಾರ್ಗವೇ ನಮಗೆ ಸಮ್ಮತವು. ಕಚೇರಿಯ ಬಾಗಿಲಲ್ಲಿ ಚಹಾ ಮಾರುವವನಿಗೂ ಆಟೋ ಓಡಿಸುವವನಿಗೂ ಅದರಿಂದ ಅನ್ನವು ತಪ್ಪದು.

ದಾರಿಯೂ ಈಗ ಹಿಂದಿನಂತಿಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯವರೆಗೆ ಮೆಟ್ರೋ ಬಂದಿತು. 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ರೈಲು ಹೊರಟರೂ ನಡುವಣ ತುಂಡು ಕೂಡದೆ, ಪ್ರಯಾಣಿಕರು ಇಳಿದು ಬಸ್ಸು ಹತ್ತಬೇಕಾಗಿದ್ದಿತು. ಅಕ್ಟೋಬರಿನಲ್ಲಿ ಆ ತೊಡಕೂ ಕಳೆಯಿತು. ವಾಚಕರು ಹಲಸೂರಿನಲ್ಲಿ ಹತ್ತಿ ಕಿಟಕಿಯಿಂದ ಕೆಳಗಣ ರಸ್ತೆಯನ್ನು ನೋಡಲಿ. ಅಲ್ಲಿ ನಿಂತ ವಾಹನಗಳಲ್ಲಿ ಕುಳಿತವರ ಮಕ್ಕಳು ಮನೆಯಲ್ಲಿ ದಾರಿ ಕಾಯುತ್ತಿರುವರು. ವಾರಕ್ಕೆರಡು ದಿನವಾದರೂ ಹೊತ್ತು ಮುಳುಗುವ ಮುನ್ನ ಅವರಿಗೆ ತಾಯಿತಂದೆಗಳು ದೊರೆಯುವುದಾದರೆ, ಅದು ಅಲ್ಪಲಾಭವಲ್ಲ.