ಗಿಡ ಮೊದಲೋ, ಗುರು ಮೊದಲೋ?

ಟೋಕಿಯೊದ ಉಯೆನೊ ನಿಲ್ದಾಣದಲ್ಲಿ ಉತ್ತರ ದಿಕ್ಕಿನ ರೈಲು ಹತ್ತಿ ಮುಕ್ಕಾಲು ಗಂಟೆ ಕಳೆಯುವುದರೊಳಗೆ ತೊರೊ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅಲ್ಲಿಳಿದು ಐದು ನಿಮಿಷ ನಡೆದರೆ ಸಾಕು, ಮಹಾನಗರದ ಗದ್ದಲ ಹಿಂದೆ ಬಿದ್ದು ಹಸಿರು ಬೇಲಿಯ ಮನೆಗಳ ಸಾಲು ಶುರುವಾಗುತ್ತದೆ. ಇಲ್ಲಿನ ಬೀದಿಗಳಿಗೂ ಮರಗಳದೇ ಹೆಸರು: ಒಂದು ಮೇಪಲ್ ಬೀದಿ, ಇನ್ನೊಂದು ಚೆರ್ರಿ ಬೀದಿ. ಅಂಚೆ ವಿಳಾಸದಲ್ಲಿ ಬಡಾವಣೆಯ ಹೆಸರು 'ಬೋನ್ಸಾಯ್-ಚೊ'. ಎಂದರೆ ಬೋನ್ಸಾಯ್ ಪೇಟೆ!

ಸೈತಾಮಾ ನಗರದ ಓಮಿಯಾ ಭಾಗದಲ್ಲಿರುವ ಈ ಪೇಟೆಯನ್ನು ಜಗತ್ತಿನ ಬೋನ್ಸಾಯ್ ಪ್ರಿಯರು ಯಾತ್ರಾಸ್ಥಳದಂತೆ ಕಾಣುತ್ತಾರೆ. ತೋಟದ ಬಾಗಿಲು ದಾಟಿ ಒಳಗೆ ಬಂದರೆ, ಎದೆಯೆತ್ತರದ ಮರದ ಹಲಗೆಗಳ ಮೇಲೆ ಸಾಲುಸಾಲಾಗಿ ಕುಂಡಗಳು. ಗೇಣುದ್ದದ ಗಿಡದಲ್ಲಿ ಬೆಟ್ಟದ ಮರದ ಗಾಂಭೀರ್ಯ. ನೋಡಿದವರಿಗೆ ಒಂದನ್ನಾದರೂ ಮನೆಗೆ ಒಯ್ಯಬೇಕೆನಿಸುವುದು ಸಹಜ. ಹಾಗೆ ಆಸೆ ಹುಟ್ಟಿದ ಮರುಗಳಿಗೆಯೇ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಹವ್ಯಾಸಿಯ ಕೈಯಲ್ಲಿರುವ ಹಣ ಅಷ್ಟಕ್ಕಷ್ಟೆ. ಅದನ್ನು ಒಳ್ಳೆಯ ಗಿಡದ ಮೇಲೆ ಹಾಕಬೇಕೋ, ಬಲ್ಲವರ ಬಳಿ ಪಾಠಕ್ಕೆ ಹಾಕಬೇಕೋ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಜಪಾನಿನ ಎರಡು ಊರುಗಳನ್ನು ನೋಡಬೇಕು. ಒಂದು ಈ ಓಮಿಯಾ. ಇನ್ನೊಂದು ಇಲ್ಲಿಂದ ಬಹು ದೂರದ, ಶಿಕೊಕು ದ್ವೀಪದ ಕಿನಾಶಿ.

ಭೂಕಂಪ ಕಟ್ಟಿದ ಊರು

1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಕಾಂತೊ ಭೂಕಂಪ ಟೋಕಿಯೊವನ್ನು ಸುಟ್ಟು ಕೆಡವಿತು. ನಗರದೊಳಗೆ ತಲೆಮಾರುಗಳಿಂದ ಬೋನ್ಸಾಯ್ ಬೆಳೆಸುತ್ತಿದ್ದ ಕೆಲವರು ಒಳ್ಳೆಯ ನೀರು, ಗಾಳಿ, ವಿಶಾಲವಾದ ನೆಲ ಅರಸುತ್ತ ಉತ್ತರಕ್ಕೆ ಬಂದರು. 1925ರಲ್ಲಿ ಈ ಹಳ್ಳಿ ಹುಟ್ಟಿತು. 1928ರಲ್ಲಿ ಊರವರೇ ಕೂಡಿ ಒಂದು ಕಟ್ಟಳೆ ಮಾಡಿಕೊಂಡರು. ಇಲ್ಲಿ ನೆಲೆಸುವವರು ಕನಿಷ್ಠ 10 ಬೋನ್ಸಾಯ್ ಇಟ್ಟಿರಬೇಕು. ಮನೆಯ ಬಾಗಿಲು ನೋಡುಗರಿಗೆ ತೆರೆದಿರಬೇಕು. ಎರಡಂತಸ್ತಿನ ಮನೆ ಕಟ್ಟಬಾರದು. ಸುತ್ತ ಗೋಡೆಯ ಬದಲು ಹಸಿರು ಬೇಲಿ ಇರಬೇಕು. ಬಾಗಿಲು ತೆರೆದಿಡಬೇಕೆಂಬ ಎರಡನೆಯ ನಿಯಮವನ್ನು ಗಮನಿಸಬೇಕು. ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳಬಾರದೆಂಬುದು ಈ ಊರಿನ ಅಡಿಪಾಯದಲ್ಲೇ ಇತ್ತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೋನ್ಸಾಯ್ ಶ್ರೀಮಂತರ ಶೋಕಿ ಎನಿಸಿ ಹಲವು ತೋಟಗಳು ಮುಚ್ಚಿದವು. ಉಳಿದದ್ದು ಬೆರಳೆಣಿಕೆಯಷ್ಟು. ಆದರೂ ಊರಿನ ಹೆಸರು ಮಾಸಲಿಲ್ಲ. 1989ರಲ್ಲಿ ಮೊದಲ ವಿಶ್ವ ಬೋನ್ಸಾಯ್ ಸಮ್ಮೇಳನ ಇಲ್ಲೇ ನಡೆಯಿತು. 2010ರಲ್ಲಿ ಬೋನ್ಸಾಯ್‌ಗಾಗಿಯೇ ಒಂದು ಕಲಾ ಸಂಗ್ರಹಾಲಯ ತೆರೆಯಿತು. 2017ರಲ್ಲಿ ವಿಶ್ವ ಸಮ್ಮೇಳನ ಮತ್ತೆ ಸೈತಾಮಾಕ್ಕೇ ಬಂತು.

ನೀರೆರೆಯಲು ಮೂರು ವರ್ಷ

ಓಮಿಯಾದಂಥ ಕಡೆ ವೃತ್ತಿ ಕಲಿಯುವವರದು ಗುರುಕುಲದ ಬಾಳು. ಗುರುವಿನ ತೋಟದಲ್ಲೇ ಇದ್ದು ಐದಾರು ವರ್ಷ ದುಡಿಯಬೇಕು. ಮೊದಮೊದಲು ಸಿಗುವ ಕೆಲಸ ಗುಡಿಸುವುದು, ಕಳೆ ಕೀಳುವುದು, ನೀರು ಹಾಕುವುದು. 'ನೀರೆರೆಯಲು ಮೂರು ವರ್ಷ' ಎಂಬುದು ಜಪಾನಿನ ತೋಟಗಾರರ ನಡುವಿನ ಮಾತು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷವೇ ಎಂದು ನಗುವವರು ಒಂದು ಬೇಸಿಗೆ ಬೋನ್ಸಾಯ್ ಸಾಕಿ ನೋಡಬೇಕು!

ಕುಂಡ ಆಳವಿಲ್ಲದ್ದು, ಮಣ್ಣು ಹಿಡಿಯಷ್ಟು. ಬಿಸಿಲು ಏರಿದ ದಿನ ಎರಡು ಮೂರು ಸಲ ನೀರು ಬೇಕಾಗುತ್ತದೆ. ಮೋಡ ಕವಿದ ದಿನ ಅಷ್ಟೇ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮೇಪಲ್‌ಗೆ ದಾಹ ಹೆಚ್ಚು, ಪೈನ್‌ಗೆ ಕಡಿಮೆ. ಒಂದೇ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿರುವ ಎರಡು ಕುಂಡಗಳು ಬೇರೆ ಬೇರೆ ಹೊತ್ತಿಗೆ ಒಣಗುತ್ತವೆ. ಗಡಿಯಾರ ನೋಡಿ ನೀರು ಹಾಕುವವನು ಸೋಲುತ್ತಾನೆ, ಮಣ್ಣು ನೋಡಿ ಹಾಕುವವನು ಗೆಲ್ಲುತ್ತಾನೆ.

ಕತ್ತರಿಯ ವಿಷಯದಲ್ಲೂ ಇದೇ ಕಥೆ. ಜಪಾನಿನ ಕಪ್ಪು ಪೈನ್ ಮರದ ಹೊಸ ಚಿಗುರುಗಳನ್ನು ಬೇಸಿಗೆಯ ಆರಂಭದಲ್ಲಿ, ಸುಮಾರಾಗಿ ಜೂನ್-ಜುಲೈ ತಿಂಗಳಲ್ಲಿ, ಬುಡಕ್ಕೆ ಕತ್ತರಿಸುತ್ತಾರೆ. ಆಗ ಎರಡನೆಯ ಸಲ ಚಿಗುರು ಒಡೆದು, ಎಲೆಗಳು ಗಿಡ್ಡಗೆ ಒತ್ತಾಗಿ ಬರುತ್ತವೆ. ಅದೇ ಉಪಾಯವನ್ನು ಐದೈದು ಎಲೆಗಳ ಗೊಂಚಲಿನ ಬಿಳಿ ಪೈನ್‌ನ ಮೇಲೆ ಪ್ರಯೋಗಿಸಿದರೆ ಮರ ಸೊರಗುತ್ತದೆ. ಎರಡೂ ಪೈನ್ ಮರಗಳೇ, ಕತ್ತರಿಯೂ ಒಂದೇ. ಫಲ ಮಾತ್ರ ಬೇರೆ. ಪುಸ್ತಕ ನೋಡಿ ಇದನ್ನು ತಿಳಿಯಬಹುದು. ಆದರೆ ಎದುರಿಗಿರುವ ಮರ ಈ ವರ್ಷ ಕತ್ತರಿಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿದೆಯೇ ಎಂಬುದನ್ನು ಹೇಳಲು ಪಕ್ಕದಲ್ಲಿ ಬಲ್ಲವರು ನಿಂತಿರಬೇಕು.

ಕಳ್ಳರಿಗೊಂದು ಮನವಿ

ವಿದ್ಯೆಯಿಲ್ಲದವರ ಕೈಗೆ ಒಳ್ಳೆಯ ಮರ ಸಿಕ್ಕರೆ ಏನಾಗುತ್ತದೆ ಎಂಬ ಭಯ ಇದೇ ಸೈತಾಮಾ ಪ್ರಾಂತ್ಯದ ಕವಾಗುಚಿಯಲ್ಲಿ ಒಮ್ಮೆ ನಿಜವಾಗಿಯೇ ಎದುರಾಯಿತು. 2019ರ ಜನವರಿಯಲ್ಲಿ ಅಲ್ಲಿನ ತೋಟವೊಂದರಿಂದ ಏಳು ಬೋನ್ಸಾಯ್‌ಗಳು ಕಳುವಾದವು. ಅವುಗಳಲ್ಲಿ ಸುಮಾರು 400 ವರ್ಷ ವಯಸ್ಸಿನ ಒಂದು ಜೂನಿಪರ್ ಮರವೂ ಇತ್ತು. ಮರಗಳನ್ನು ಹಿಂದಿರುಗಿಸಿ ಎಂದಷ್ಟೇ ಕೇಳಿಕೊಂಡು ತೋಟದವರು ಸುಮ್ಮನಾಗಲಿಲ್ಲ. ಒಯ್ದವರು ಯಾರೇ ಆಗಿರಲಿ, ದಯವಿಟ್ಟು ನೀರು ಹಾಕಿ, ಇಲ್ಲದಿದ್ದರೆ ಜೂನಿಪರ್ ಒಂದು ವಾರವೂ ಉಳಿಯದು ಎಂದು ಬಹಿರಂಗವಾಗಿ ಬೇಡಿಕೊಂಡರು. ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಮಂಗನ ಕೈಯಲ್ಲಿ ಮಾಣಿಕ್ಯ ಎನ್ನುತ್ತೇವಲ್ಲ, ಅದಕ್ಕಿಂತ ಇದು ಕಷ್ಟದ ಸ್ಥಿತಿ. ಮಂಗ ಎಸೆದರೂ ಮಾಣಿಕ್ಯ ಮಾಣಿಕ್ಯವಾಗಿಯೇ ಉಳಿಯುತ್ತದೆ. ಮರ ಹಾಗಲ್ಲ. ನಾನೂರು ವರ್ಷ ಒಂದಾದ ಮೇಲೊಂದು ತಲೆಮಾರು ತಪ್ಪದೆ ನೀರೆರೆದದ್ದು ಎಂಟು ದಿನಗಳ ಅಜ್ಞಾನದಲ್ಲಿ ಮಣ್ಣುಪಾಲಾಗಬಹುದು. ಕದ್ದವನ ಕೈಯಲ್ಲೂ ಅಷ್ಟೆ, ಹಣ ಕೊಟ್ಟು ಕೊಂಡವನ ಕೈಯಲ್ಲೂ ಅಷ್ಟೆ.

ಪೈನ್ ಬೆಳೆಯುವ ಹೊಲಗಳು

ಹಾಗಾದರೆ ಎಲ್ಲ ಹಣವನ್ನೂ ಪಾಠಕ್ಕೇ ಸುರಿಯಬೇಕೇ? ಹಾಗೆಂದು ತೀರ್ಮಾನಿಸುವ ಮೊದಲು ಕಿನಾಶಿಯನ್ನು ನೋಡಬೇಕು. ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಒಕಾಯಾಮಾಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, 1988ರಲ್ಲಿ ತೆರೆದ ಸೆತೊ ಮಹಾಸೇತುವೆಯ ಮೇಲೆ ಸಮುದ್ರ ದಾಟಿದರೆ ತಕಾಮತ್ಸು ನಗರ. ಒಟ್ಟು ನಾಲ್ಕೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಎರಡನೆಯ ನಿಲ್ದಾಣವೇ ಕಿನಾಶಿ. ಹೆಸರಿನ ಅಕ್ಷರಗಳಿಗೆ 'ರಾಕ್ಷಸರಿಲ್ಲದ ಊರು' ಎಂದರ್ಥ. ಪೀಚ್ ಹಣ್ಣಿನಲ್ಲಿ ಹುಟ್ಟಿದ ಮೊಮೊತಾರೊ ಎಂಬ ಬಾಲಕ ರಾಕ್ಷಸರನ್ನು ಗೆದ್ದ ಜನಪದ ಕಥೆಯನ್ನು ಇಲ್ಲಿನವರು ತಮ್ಮೂರಿನದೇ ಎನ್ನುತ್ತಾರೆ.

ಓಮಿಯಾದ ಅಚ್ಚುಕಟ್ಟು ಇಲ್ಲಿಲ್ಲ. ಇದು ಹೊಲದೂರು. ನಮ್ಮಲ್ಲಿ ಬದನೆ, ಮೆಣಸಿನ ಪಾತಿ ಇರುವಂತೆ ಇಲ್ಲಿ ಪೈನ್ ಸಸಿಗಳ ಸಾಲು. ಸಮುದ್ರತೀರದ, ಬೆಟ್ಟದ ಪೈನ್‌ಗಳನ್ನು ತಂದು ಕುಂಡದಲ್ಲಿ ಬೆಳೆಸುವುದು ಸುಮಾರು 200 ವರ್ಷಗಳ ಹಿಂದೆ ಈ ಭಾಗದಲ್ಲಿ ಶುರುವಾಯಿತು. ಕಡಿಮೆ ಮಳೆ, ನೀರು ನಿಲ್ಲದ ಮರಳು ಮಣ್ಣು ಪೈನ್‌ಗೆ ಒಗ್ಗಿತು. ಇಂದು ಜಪಾನಿನ ಪೈನ್ ಬೋನ್ಸಾಯ್‌ಗಳಲ್ಲಿ ಶೇಕಡಾ 80ರಷ್ಟು ತಕಾಮತ್ಸುವಿನ ಕಿನಾಶಿ ಮತ್ತು ಕೊಕುಬುಂಜಿ ಪ್ರದೇಶಗಳಿಂದಲೇ ಬರುತ್ತವೆ.

ಬೋನ್ಸಾಯ್ ಎಂದರೆ ಕುಂಡದ ಗಿಡ, ಹೊಲವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕುಂಡದಲ್ಲಿ ಬೇರಿಗೆ ಜಾಗವಿಲ್ಲ. ಬೇರು ಹರಡದಿದ್ದರೆ ಕಾಂಡ ದಪ್ಪಗಾಗುವುದು ತೀರಾ ನಿಧಾನ. ಆದ್ದರಿಂದ ಮೊದಲ ಹತ್ತಾರು ವರ್ಷ ಮರ ನೆಲದಲ್ಲಿ ಬೆಳೆಯಬೇಕು. ಸಸಿ ಎರಡು ಮೂರು ವರ್ಷದ್ದಾಗಿ, ಇನ್ನೂ ಬಳುಕುವಂತಿರುವಾಗಲೇ ತಂತಿ ಸುತ್ತಿ ಕಾಂಡಕ್ಕೆ ತಿರುವು ಕೊಡುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆಮೇಲೆ ಕೆಲವು ವರ್ಷಕ್ಕೊಮ್ಮೆ ಕಿತ್ತು, ಬೇರು ಸವರಿ, ಮತ್ತೆ ನೆಡುತ್ತಾರೆ. ಬುಡದ ಒಂದು ರೆಂಬೆಯನ್ನು ಮನಸೋ ಇಚ್ಛೆ ಬೆಳೆಯಲು ಬಿಡುತ್ತಾರೆ. ಕಾಂಡವನ್ನು ದಪ್ಪ ಮಾಡುವುದಷ್ಟೇ ಅದರ ಕೆಲಸ. ಅದು ಮುಗಿದ ದಿನ ಗರಗಸ ಬೀಳುತ್ತದೆ.

ಈ ಹೊಲಗಳ ನಡುವೆ ನಿಂತಾಗ ಓಮಿಯಾದಲ್ಲಿ ಕಾಣದ ಒಂದು ಸತ್ಯ ಕಾಣುತ್ತದೆ. ರೆಂಬೆಗಳ ವಿನ್ಯಾಸವನ್ನು ನುರಿತವರು ನಾಲ್ಕೈದು ವರ್ಷಗಳಲ್ಲಿ ಹೊಸದಾಗಿ ಕಟ್ಟಬಲ್ಲರು. ಆದರೆ ಬುಡದಲ್ಲಿ ನಾಲ್ಕು ಕಡೆಗೂ ಹರಡಿದ ಬೇರು, ಮೇಲೆ ಹೋದಂತೆ ಸಣ್ಣದಾಗುವ ಕಾಂಡ, ಅದರ ಸಹಜ ತಿರುವು, ಇವನ್ನು ಕುಂಡಕ್ಕೆ ಬಂದ ಮೇಲೆ ಸೃಷ್ಟಿಸುವುದು ಬಹಳ ಕಷ್ಟ. ಪೆನ್ಸಿಲ್ ದಪ್ಪದ ನೆಟ್ಟಗಿನ ಸಸಿಯನ್ನು ತಟ್ಟೆಕುಂಡದಲ್ಲಿಟ್ಟುಕೊಂಡು ಎಷ್ಟು ಪಾಠ ಕೇಳಿದರೂ ಅದು ಹತ್ತು ವರ್ಷದ ಮೇಲೆಯೂ ನೆಟ್ಟಗಿನ ಸಸಿಯೇ. ಒಳ್ಳೆಯ ಗಿಡಕ್ಕೆ ಹೆಚ್ಚು ಬೆಲೆ ಯಾಕೆಂದರೆ ಅದರೊಳಗೆ ರೈತನೊಬ್ಬನ ಹದಿನೈದಿಪ್ಪತ್ತು ವರ್ಷಗಳಿವೆ. ಕೊಳ್ಳುವವನು ಹಣ ಕೊಡುವುದು ಆ ವರ್ಷಗಳಿಗೇ. ಬೆಲೆಗೆ ಮೇಲಿನ ಮಿತಿಯೂ ಇಲ್ಲ. 2011ರಲ್ಲಿ ಇದೇ ತಕಾಮತ್ಸುವಿನಲ್ಲಿ ನಡೆದ ಏಷ್ಯಾ-ಪೆಸಿಫಿಕ್ ಬೋನ್ಸಾಯ್ ಸಮ್ಮೇಳನದಲ್ಲಿ ಒಂದು ಹಳೆಯ ಬಿಳಿ ಪೈನ್‌ಗೆ ಹೇಳಿದ ಬೆಲೆ ಹತ್ತು ಕೋಟಿ ಯೆನ್!

ಹನ್ನೊಂದು ವರ್ಷದ ಶಿಷ್ಯ

ಎರಡೂ ಊರುಗಳ ವಾದ ಕೇಳಿದ ಮೇಲೆ ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕು. ಮಸಾಹಿಕೊ ಕಿಮುರಾ 1940ರಲ್ಲಿ ಓಮಿಯಾದಲ್ಲೇ ಹುಟ್ಟಿದವರು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಗೆ ಕೂರುವ ವಯಸ್ಸು, 15ರಲ್ಲಿ, ಅವರು ಅಲ್ಲಿನ ತೋಜು-ಎನ್ ತೋಟದ ಮೊತೊಸುಕೆ ಹಮಾನೊ ಅವರ ಬಳಿ ಶಿಷ್ಯನಾಗಿ ಸೇರಿದರು. 11 ವರ್ಷ ಅಲ್ಲಿ ಕಲಿತರು. ಮುಂದೆ, ಉಳಿದವರಿಗೆ ಒರಟು ಕೊರಡಿನಂತೆ ಕಂಡ ಕಾಡು ಜೂನಿಪರ್‌ಗಳಿಂದ ಅಚ್ಚರಿಯ ರೂಪಗಳನ್ನು ತೆಗೆದು 'ಬೋನ್ಸಾಯ್ ಮಾಂತ್ರಿಕ' ಎನಿಸಿಕೊಂಡರು. ಅವರ ಹೆಸರು ಮಾಡಿದ ಮರಗಳು ಸಾಧಾರಣ ಸಸಿಗಳಾಗಿರಲಿಲ್ಲ. ಗಾಳಿ, ಹಿಮ, ಬಂಡೆಗಳು ದೀರ್ಘಕಾಲ ತಿದ್ದಿದ ಕಾಂಡಗಳು. ಆದರೆ ಆ ಕೊರಡಿನೊಳಗೆ ಏನು ಅಡಗಿದೆ ಎಂದು ಕಂಡದ್ದು ಹನ್ನೊಂದು ವರ್ಷ ಪಳಗಿದ ಕಣ್ಣು.

ಉತ್ತರ ಇಲ್ಲೇ ಇದೆ. ಗಿಡವೂ ಬೇಕು, ಗುರುವೂ ಬೇಕು. ಯಾವುದು ಮೊದಲು ಎಂಬುದೇ ಪ್ರಶ್ನೆ. ಪಾಠದಿಂದ ದೊರೆಯುವ ಮೊದಲ ಲಾಭ ಗಿಡವನ್ನು ಬದುಕಿಸಿಕೊಳ್ಳುವುದು. ಎರಡನೆಯ ಲಾಭ, ಅಂಗಡಿಯಲ್ಲಿ ಇಪ್ಪತ್ತು ಗಿಡಗಳ ಮುಂದೆ ನಿಂತಾಗ ಯಾವುದು ಹಣಕ್ಕೆ ತಕ್ಕದ್ದು ಎಂದು ಗುರುತಿಸುವುದು. ಕಣ್ಣು ತೆರೆಯುವ ಮೊದಲೇ ದುಬಾರಿ ಗಿಡ ಕೊಂಡವನು ಅದನ್ನು ಕೊಲ್ಲಬಹುದು, ಇಲ್ಲವೇ ಮೋಸ ಹೋಗಬಹುದು. ಕಣ್ಣು ತೆರೆದ ಮೇಲೂ ಕಡ್ಡಿಯಂಥ ಸಸಿಗೇ ಅಂಟಿಕೊಂಡವನು ವರ್ಷಗಳನ್ನು ಕಳೆದುಕೊಳ್ಳುತ್ತಾನೆ.

ನಮ್ಮ ಹಿತ್ತಲಿನ ಲೆಕ್ಕ

ಈ ಲೆಕ್ಕ ನಮ್ಮ ನಾಡಿಗೂ ಸಲ್ಲುತ್ತದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟವನ್ನೋ, ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿಟ್ಟ ಕುಂಡಗಳನ್ನೋ ನೋಡಿ ಬಂದ ಮಕ್ಕಳು ಮನೆಯಲ್ಲಿ ಹಟ ಹಿಡಿಯುವುದುಂಟು. ತಂದೆ ತಾಯಿ ಹುಟ್ಟುಹಬ್ಬಕ್ಕೆಂದು ಒಂದು ದುಬಾರಿ ಬೋನ್ಸಾಯ್ ತಂದು ಟೀವಿಯ ಪಕ್ಕದಲ್ಲಿಡುತ್ತಾರೆ. ಬಿಸಿಲಿಲ್ಲದೆ ಎಲೆ ಉದುರುತ್ತದೆ, ಉದುರಿತೆಂದು ಇನ್ನಷ್ಟು ನೀರು ಸುರಿಯುತ್ತಾರೆ, ಗಿಡ ಸಾಯುತ್ತದೆ. ತನ್ನ ಕೈಗುಣವೇ ಸರಿಯಿಲ್ಲ ಎಂದು ಮಗು ಆ ಹವ್ಯಾಸವನ್ನೇ ಬಿಡುತ್ತದೆ. ಹೋದ ಹಣಕ್ಕಿಂತ ದೊಡ್ಡ ನಷ್ಟ ಇದು.

ಹಾಗಾಗದಿರಲು ಮೊದಲ ವರ್ಷ ಆಲ, ಅರಳಿ, ಅತ್ತಿ, ಹುಣಸೆಯಂಥ ನಮ್ಮ ಹವೆಗೆ ಒಗ್ಗಿದ ಮೂರು ನಾಲ್ಕು ಅಗ್ಗದ, ಆರೋಗ್ಯವಾದ ಗಿಡಗಳು ಸಾಕು. ಹಳೆಯ ಗೋಡೆಯ ಸಂದಿಯಲ್ಲಿ ಹುಟ್ಟಿದ ಆಲದ ಸಸಿಗೆ ಕಾಸೂ ಬೇಡ. ಒಂದೇ ಇದ್ದರೆ ಕೈ ನಡುಗುತ್ತದೆ. ನಾಲ್ಕಿದ್ದರೆ ತಪ್ಪು ಮಾಡಿ ಕಲಿಯಲು ಧೈರ್ಯ ಬರುತ್ತದೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಕತ್ತರಿ, ಸ್ವಲ್ಪ ತಂತಿ, ಮತ್ತು ಬಲ್ಲವರ ಬಳಿ ನಾಲ್ಕಾರು ದಿನದ ಪಾಠ. ಪಾಠವೆಂದರೆ ಅವರು ಮಾಡುವುದನ್ನು ನೋಡಿ ಬರುವುದಲ್ಲ, ತಮ್ಮದೇ ಗಿಡವನ್ನು ಒಯ್ದು ಅವರ ಎದುರಿಗೆ ಕೈಯಾರೆ ಮಾಡುವುದು. ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಆ ಗಿಡಗಳು ಬದುಕಿ ಚಿಗುರಿದವೆಂದರೆ, ಆಗ ಗುರುವನ್ನೇ ಜೊತೆಗೆ ಕರೆದುಕೊಂಡು ಹೋಗಿ ಒಳ್ಳೆಯ ಕಾಂಡದ ಒಂದೇ ಒಂದು ಗಿಡ ಕೊಳ್ಳಬಹುದು. ಆ ಹೊತ್ತಿಗೆ ಅದಕ್ಕೆ ತಕ್ಕ ಕೈಯೂ ಸಿದ್ಧವಾಗಿರುತ್ತದೆ.

ಓಮಿಯಾದ ಸಂಗ್ರಹಾಲಯದಲ್ಲಿ 'ಹಿಗುರಾಶಿ' ಎಂಬ ಹೆಸರಿನ ಒಂದು ಬಿಳಿ ಪೈನ್ ಇದೆ. ವಯಸ್ಸು ನಾನೂರು ವರ್ಷ ಮೀರಿದೆ ಎಂದು ಅಂದಾಜು. ನೋಡುತ್ತ ನಿಂತರೆ ಹೊತ್ತು ಮುಳುಗಿದ್ದೇ ತಿಳಿಯದು ಎಂಬುದು ಹೆಸರಿನ ಭಾವ. ಅದನ್ನು ನೆಟ್ಟವರು ಇಂದಿಲ್ಲ. ತಂತಿ ಸುತ್ತಿದ ಎಷ್ಟೋ ಕೈಗಳೂ ಇಲ್ಲ. ಸಂಗ್ರಹಾಲಯಕ್ಕೆ ಗುರುವಾರ ರಜೆ. ಆದರೆ ಆ ದಿನವೂ ಒಬ್ಬರು ಬಂದು ಮಣ್ಣು ಮುಟ್ಟಿ ನೋಡಲೇಬೇಕು. ಮರಕ್ಕೆ ರಜೆಯಿಲ್ಲ.