ಮೊಮ್ಮಗನ ಆಸನ

ಧಾರವಾಡದ ನಮ್ಮ ಮನೆಯಲ್ಲಿ ದೂರಪ್ರಯಾಣದ ಸಿದ್ಧತೆಯೆಂದರೆ ಮೊದಲು ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು, ಆಮೇಲೆ ಉಳಿದ ಸಾಮಾನು. 2023ರ ಮೇ ತಿಂಗಳಿನಲ್ಲಿ ನಾವು ಮತ್ತು ನಮ್ಮ ಮನೆಯವರು ಮೊದಲ ಬಾರಿಗೆ ಅಮೆರಿಕೆಗೆ ಹೊರಟಾಗಲೂ ಹೀಗೆಯೇ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಚಿರಂಜೀವಿಯು ಪತ್ನಿ ಹಾಗೂ ಹದಿನಾಲ್ಕು ತಿಂಗಳ ಮಗುವಿನೊಡನೆ ರಜೆಗೆ ಬಂದಿದ್ದ. ಮರಳುವಾಗ ನಮ್ಮನ್ನೂ ಜೊತೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಡಬ್ಬಿಗಳ ಪಕ್ಕದಲ್ಲಿ ಕಪ್ಪು ಬಣ್ಣದ, ಸಿಂಹಾಸನದಂತಹ ಭಾರವಾದ ವಸ್ತುವೊಂದು ಬಂದು ಕುಳಿತಿತ್ತು. ಅದು ಮೊಮ್ಮಗನ ಕಾರ್ ಸೀಟ್. ಅಮೆರಿಕೆಯಿಂದ ಬರುವಾಗ ತಂದದ್ದು, ಈಗ ಮರಳಿ ಒಯ್ಯಬೇಕಾದದ್ದು. ಧಾರವಾಡದಲ್ಲಿದ್ದ ಐದು ವಾರಗಳಲ್ಲಿ ಬಂಧುಗಳೆಲ್ಲ ಅದನ್ನು ನೋಡಿ ನಕ್ಕಿದ್ದರು. "ಅಜ್ಜಿಯ ಮಡಿಲಿರುವಾಗ ಇದೇಕೆ?" ಎಂದು ಕೇಳಿದವರಲ್ಲಿ ನಾವೇ ಮೊದಲಿಗರು.

ನಗುವು ಸಿಟ್ಟಾದದ್ದು ಟಿಕೆಟ್ಟಿನ ವಿಷಯ ತಿಳಿದಾಗ. ಎರಡು ವರ್ಷ ತುಂಬದ ಮಗುವನ್ನು ವಿಮಾನದಲ್ಲಿ ಮಡಿಲಿನಲ್ಲಿಯೇ ಕೂರಿಸಿಕೊಂಡು ಹೋಗಬಹುದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇಕಡಾ 10ರ ಆಸುಪಾಸು ಕೊಟ್ಟರೆ ಸಾಕು. ಹಾಗಿದ್ದೂ ಮಗನು ಮಗುವಿಗೆ ಬೇರೆ ಆಸನವನ್ನೇ ಕೊಂಡಿದ್ದ. ಅಷ್ಟು ಹಣವನ್ನು ವ್ಯರ್ಥ ಮಾಡಿದನೆಂದು ನಾವು ಎರಡು ದಿನ ಅವನೊಡನೆ ಸರಿಯಾಗಿ ಮಾತನಾಡಲಿಲ್ಲ.

ಬೆಂಗಳೂರಿನಲ್ಲಿ ವಿಮಾನವನ್ನೇರಿದಾಗ ಗಗನಸಖಿಯು ಆಸನದ ಬದಿಗೆ ಅಂಟಿಸಿದ್ದ ಚೀಟಿಯನ್ನು ಬಗ್ಗಿ ಓದಿದರು. ಅಮೆರಿಕೆಯಲ್ಲಿ ತಯಾರಾಗುವ ಇಂತಹ ಆಸನಗಳ ಮೇಲೆ, ಇದು ಮೋಟಾರು ವಾಹನದಲ್ಲಿಯೂ ವಿಮಾನದಲ್ಲಿಯೂ ಬಳಸಲು ಪ್ರಮಾಣಿತವಾದದ್ದು ಎಂಬ ಒಕ್ಕಣೆ ಕೆಂಪು ಅಕ್ಷರಗಳಲ್ಲಿ ಇರುತ್ತದೆ. ಆ ಸಾಲು ಇಲ್ಲದಿದ್ದರೆ ವಿಮಾನದ ಸಿಬ್ಬಂದಿ ನಿರಾಕರಿಸಬಹುದು. ಬೇರೆಯವರು ಹೊರಹೋಗುವ ದಾರಿಗೆ ಅಡ್ಡವಾಗಬಾರದೆಂದು ಅದನ್ನು ಕಿಟಕಿಯ ಪಕ್ಕದಲ್ಲಿಯೇ ಇರಿಸುತ್ತಾರೆ. ತುರ್ತು ನಿರ್ಗಮನದ ಸಾಲಿನಲ್ಲಂತೂ ಇರಿಸಗೊಡುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಪೀಠಗಳನ್ನು ಅಮೆರಿಕೆಯ ನಿಯಮದಂತೆ ವಿಮಾನ ಏರುವಾಗ, ಇಳಿಯುವಾಗ ಬಳಸುವಂತಿಲ್ಲ. ಭಾರದ ಆಸನವನ್ನು ಹೊರಲಾರದವರಿಗೆ ಕೇರ್ಸ್ ಎಂಬ ಹೆಸರಿನ ಪಟ್ಟಿಗಳ ಸಾಧನವೊಂದಿದೆ. 10ರಿಂದ 20 ಕಿಲೋ ತೂಕದ, ಸುಮಾರು ಒಂದು ಮೀಟರ್ ಎತ್ತರದವರೆಗಿನ ಮಕ್ಕಳಿಗೆ ಅದು ವಿಮಾನದಲ್ಲಿ ಒಪ್ಪಿತವಾದದ್ದು, ಆದರೆ ಕಾರಿನಲ್ಲಿ ಕೆಲಸಕ್ಕೆ ಬಾರದು.

ಮೊಮ್ಮಗನು ತನ್ನ ಪರಿಚಿತ ಆಸನದಲ್ಲಿ ನಿಶ್ಚಿಂತೆಯಿಂದ ಮಲಗಿದ. ಅವನ ಪೀಠವು ಹಿಂದುಮುಂದಾಗಿ ಕೂತಿದ್ದರಿಂದ ಮುಂದಿನ ಸಾಲಿನವರಿಗೆ ತಮ್ಮ ಆಸನವನ್ನು ಹಿಂದಕ್ಕೆ ಬಾಗಿಸಲಾಗದೆ ಅವರು ಎರಡು ಬಾರಿ ನಮ್ಮತ್ತ ತಿರುಗಿ ನೋಡಿದರು. ಅವರ ಬೇಸರವು ನ್ಯಾಯವೆಂದೇ ಆಗ ನಮಗೆ ತೋರಿತು.

ಸೊಸೆಯು ಆ ರಾತ್ರಿ ಮೆಲುದನಿಯಲ್ಲಿ ಒಂದು ಸಂಗತಿ ಹೇಳಿದಳು. 1989ರ ಜುಲೈ 19ರಂದು ಅಮೆರಿಕೆಯ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೆಯ ವಿಮಾನವು ನಿಯಂತ್ರಣ ಕಳೆದುಕೊಂಡು ನೆಲಕ್ಕಪ್ಪಳಿಸಿತು. ಅದರಲ್ಲಿ ಮಡಿಲ ಮಕ್ಕಳು ನಾಲ್ವರಿದ್ದರು. ಅಂದಿನ ಸೂಚನೆಯಂತೆ ಅವರನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳುವಂತೆ ತಾಯಂದಿರಿಗೆ ಹೇಳಲಾಯಿತು. ಒಂದು ಮಗು ಉಳಿಯಲಿಲ್ಲ. ಆ ಸೂಚನೆಯನ್ನು ತಮ್ಮ ಬಾಯಿಯಿಂದಲೇ ಕೊಟ್ಟಿದ್ದ ಮುಖ್ಯ ಗಗನಸಖಿ ಜಾನ್ ಬ್ರೌನ್ ಎಂಬ ಮಹಿಳೆ ಮುಂದೆ ದಶಕಗಳ ಕಾಲ, ಪ್ರತಿ ಮಗುವಿಗೂ ಪ್ರತ್ಯೇಕ ಆಸನ ಬೇಕೆಂದು ಹೋರಾಡಿದರು. ಆದರೂ ಅಮೆರಿಕೆಯ ವಿಮಾನಯಾನ ಆಡಳಿತವು ಅದನ್ನು ಕಡ್ಡಾಯ ಮಾಡಲಿಲ್ಲ. ಟಿಕೆಟ್ಟಿನ ಖರ್ಚಿಗೆ ಅಂಜಿ ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಟರೆ ರಸ್ತೆಯಲ್ಲಿ ಸಾಯುವವರೇ ಹೆಚ್ಚಾಗುತ್ತಾರೆಂಬುದು ಅವರ ಲೆಕ್ಕ. 2005ರಲ್ಲಿಯೂ ಇದನ್ನೇ ಹೇಳಿ ವಿಷಯವನ್ನು ಕೈಬಿಟ್ಟರು. ಪ್ರತ್ಯೇಕ ಆಸನವೇ ಕ್ಷೇಮವೆಂದು ಬಲವಾಗಿ ಸಲಹೆ ಮಾಡುವುದನ್ನು ಮಾತ್ರ ಬಿಟ್ಟಿಲ್ಲ. ಯುರೋಪಿನ ವಿಮಾನಗಳಲ್ಲಿ ತಾಯಿಯ ಪಟ್ಟಿಗೆ ಕೂಡಿಸುವ ಚಿಕ್ಕ ಪಟ್ಟಿಯೊಂದನ್ನು ಮಡಿಲ ಮಗುವಿಗೆ ಕೊಡುತ್ತಾರೆ. ಅಮೆರಿಕೆಯ ವಿಮಾನಗಳಲ್ಲಿ ಏರುವಾಗ, ಇಳಿಯುವಾಗ ಅದಕ್ಕೆ ನಿಷೇಧವಿದೆ, ಏಕೆಂದರೆ ತಾಯಿಯ ದೇಹವೇ ಮಗುವಿನ ಮೇಲೆ ಮಡಚಿಕೊಳ್ಳುತ್ತದೆ. ಇದನ್ನೆಲ್ಲ ಕೇಳಿದೆವು. ಆದರೆ ಮನಸ್ಸು ಒಪ್ಪಲಿಲ್ಲ. ವಿಮಾನ ಬೀಳುವ ಮಾತನ್ನು ವಿಮಾನದೊಳಗೇ ಆಡಿದಳಲ್ಲ ಎಂದು ನಮ್ಮ ಮನೆಯವರು ಮುಖ ತಿರುಗಿಸಿದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಮಧ್ಯಾಹ್ನ. ಮಗನ ಕಾರನ್ನು ಅವನ ಗೆಳೆಯರೊಬ್ಬರು ತಂದು ಒಪ್ಪಿಸಿ ಹೋದರು. ನಮ್ಮ ದಣಿವನ್ನು ಗಮನಿಸದೆ ಮಗನು ಹತ್ತು ನಿಮಿಷ ಆ ಆಸನವನ್ನು ಕಾರಿನ ಹಿಂಬದಿಯಲ್ಲಿ ಬಿಗಿಯುತ್ತ, ಮೊಣಕಾಲೂರಿ ಒತ್ತುತ್ತ ನಿಂತ. 101ನೆಯ ಹೆದ್ದಾರಿ ದಕ್ಷಿಣಕ್ಕೆ ಸಾಗುತ್ತದೆ. ಎಡಗಡೆ ಕೊಲ್ಲಿಯ ನೀರು, ಬಲಗಡೆ ದೂರದಲ್ಲಿ ಬೆಟ್ಟಗಳ ಸಾಲು. ಗಂಟೆಗೆ ನೂರು ಕಿಲೋಮೀಟರಿನ ಓಟದಲ್ಲಿಯೂ ಹಾರ್ನಿನ ಸದ್ದಿಲ್ಲ. ಸ್ಯಾನ್ ಮಟೇಯೊ ದಾಟುವಷ್ಟರಲ್ಲಿ ಮಗು ಎಚ್ಚೆತ್ತು ಅಳತೊಡಗಿತು. ಅಳು ಚೀರಾಟವಾಯಿತು, ಉಸಿರು ಕಟ್ಟುವಂತಾಯಿತು. ಸೊಸೆಯು ಸಮಾಧಾನಪಡಿಸುತ್ತಿದ್ದಳೇ ವಿನಾ ಎತ್ತಿಕೊಳ್ಳಲಿಲ್ಲ. ಮುಂದೆ ಕುಳಿತಿದ್ದ ನಾವು ತಾಳಲಾರದೆ "ಎತ್ತಿಕೊಳ್ಳೇ, ಏನು ನೋಡುತ್ತೀ!" ಎಂದು ನಮ್ಮ ಮನೆಯವರಿಗೆ ಹೇಳಿದೆವು. ಅವರು ಕೊಂಡಿ ಬಿಚ್ಚಿ ಮಗುವನ್ನು ಮಡಿಲಿಗೆಳೆದುಕೊಂಡರು. ಅಳು ನಿಂತಿತು.

ಮಗನು ಕನ್ನಡಿಯಲ್ಲಿ ನೋಡಿದ. ಒಂದು ಮಾತನ್ನೂ ಆಡಲಿಲ್ಲ. ಮುಂದಿನ ತಿರುವಿನಲ್ಲಿ ಹೆದ್ದಾರಿಯಿಂದ ಇಳಿದು, ಅಂಗಡಿಗಳ ಮುಂದಿನ ಬಯಲಿನಲ್ಲಿ ಕಾರು ನಿಲ್ಲಿಸಿದ. ಅವನ ಕೈ ನಡುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಕೇಳಿದ: "ಅಪ್ಪಾ, ಬಸ್ಸು ಥಟ್ಟನೆ ನಿಂತರೆ ನಿಂತವರು ಮುಂದಕ್ಕೇಕೆ ಬೀಳುತ್ತಾರೆ?"

ಈ ಪ್ರಶ್ನೆಯನ್ನು ನಾವು ಮೂವತ್ತೊಂದು ವರ್ಷ ಕೇಳಿದವರು. ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತರಾದವರು. ನ್ಯೂಟನ್ನನ ಮೊದಲ ನಿಯಮಕ್ಕೆ ಹುಬ್ಬಳ್ಳಿ-ಧಾರವಾಡ ಬಸ್ಸಿನ ದೃಷ್ಟಾಂತವನ್ನು ಪ್ರತಿ ವರ್ಷವೂ ಕೊಟ್ಟವರು. ಅಲ್ಲಿಯೇ ಕುಳಿತು ಲೆಕ್ಕ ಮಾಡಿದೆವು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಆ ವೇಗವೆಲ್ಲ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಸೊನ್ನೆಯಾಗುತ್ತದೆಂದು ಹಿಡಿದರೆ, 10 ಕಿಲೋದ ಮಗುವನ್ನು ತಡೆಯಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ನಾವು ಹೋಗುತ್ತಿದ್ದ ವೇಗವಾದರೋ ಅದರ ಇಮ್ಮಡಿ. ಅಕ್ಕಿಯ ಚೀಲವನ್ನೇ ಎತ್ತಲಾರದ ನಮ್ಮ ಮನೆಯವರ ತೋಳುಗಳನ್ನು ನೋಡಿದೆವು. ಅವರಿಗೆ ಲೆಕ್ಕವನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಮೊಮ್ಮಗನನ್ನು ತಾವೇ ಮೆಲ್ಲಗೆ ಆಸನದಲ್ಲಿ ಕೂರಿಸಿ, ಕೊಂಡಿ ಹಾಕಲು ಬಾರದೆ ಸೊಸೆಯತ್ತ ನೋಡಿದರು.

ಮುಂದಿನ ವಾರ ಮಗನು ನಮ್ಮನ್ನು ಹೆದ್ದಾರಿ ಗಸ್ತು ಪೊಲೀಸರ ಕಚೇರಿಗೆ ಕರೆದೊಯ್ದ. ಪೊಲೀಸರೆಂದೊಡನೆ ನಮಗೆ ಅಳುಕಾಯಿತು. ನೋಡಿದರೆ ಅಲ್ಲಿ ಮೊದಲೇ ಸಮಯ ಗೊತ್ತುಪಡಿಸಿಕೊಂಡು ಬಂದವರ ಆಸನಗಳನ್ನು ತರಬೇತಿ ಪಡೆದವರು ಹಣ ತೆಗೆದುಕೊಳ್ಳದೆ ಪರೀಕ್ಷಿಸಿ ಕೊಡುತ್ತಾರೆ. ಸಮವಸ್ತ್ರದ ಅಧಿಕಾರಿಣಿಯೊಬ್ಬರು ಆಸನವನ್ನು ಅಲುಗಿಸಿ, ಪಟ್ಟಿ ಹಾದುಹೋಗುವಲ್ಲಿ ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದೆಂದರು. ಮಗುವಿನ ಹೆಗಲ ಪಟ್ಟಿಯನ್ನು ಚಿವುಟಿ ನೋಡಿದರು. ಬೆರಳಿಗೆ ಮಡಿಕೆ ಸಿಕ್ಕರೆ ಅದು ಸಡಿಲ. ಎದೆಯ ಮೇಲಿನ ಕ್ಲಿಪ್ಪು ಕಂಕುಳ ಮಟ್ಟಕ್ಕಿರಬೇಕು. ಅನಂತರ ಅವರ ಕಣ್ಣು, ನಮ್ಮ ಮನೆಯವರು ಊರಿನಿಂದ ಹೆಣೆದು ತಂದು ತೊಡಿಸಿದ್ದ ದಪ್ಪ ಉಣ್ಣೆಯ ಅಂಗಿ, ಕುಂಚಿಗೆಗಳ ಮೇಲೆ ಬಿತ್ತು. ಪಟ್ಟಿಯ ಕೆಳಗೆ ದಪ್ಪ ಬಟ್ಟೆ ಬೇಡ, ಡಿಕ್ಕಿಯಲ್ಲಿ ಅದು ಅಮುಕಿಹೋಗಿ ಪಟ್ಟಿ ಸಡಿಲಾಗುತ್ತದೆ, ಪಟ್ಟಿ ಬಿಗಿದ ಮೇಲೆ ಹೊದಿಸಿರಿ ಎಂದರು. ಹೆಣಿಕೆಯನ್ನು ಮಾತ್ರ ಕೈಯಲ್ಲಿ ಹಿಡಿದು ಹೊಗಳಿದರು. ನಮ್ಮ ಮನೆಯವರಿಗೆ ಅಷ್ಟು ಸಾಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಎರಡು ವರ್ಷದೊಳಗಿನ ಮಗುವು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಬೇಕು. 40 ಪೌಂಡ್ ತೂಕ ಅಥವಾ 40 ಅಂಗುಲ ಎತ್ತರ ಮುಟ್ಟಿದ ಮಗುವಿಗೆ ಮಾತ್ರ ವಿನಾಯಿತಿ. ಕೂಸಿಗೆ ತಲೆಯೇ ಮೈಯ ಕಾಲುಭಾಗ, ಕತ್ತಿನ ಎಲುಬುಗಳು ಇನ್ನೂ ಎಳೆಯವು. ಮುಂದಕ್ಕೆ ಮುಖ ಮಾಡಿದ್ದರೆ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಚಿಮ್ಮಿ ಎಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖವಿದ್ದರೆ ಬೆನ್ನು, ತಲೆಗಳೆರಡನ್ನೂ ಪೀಠವೇ ಹಿಡಿದುಕೊಳ್ಳುತ್ತದೆ. ಸ್ವೀಡನ್ನಿನ ಬೆರ್ಟಿಲ್ ಆಲ್ಡ್‌ಮನ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಇದನ್ನು ರೂಪಿಸಿದರು. ಜೆಮಿನಿ ಗಗನನೌಕೆಯ ಯಾತ್ರಿಕರು ಬೆನ್ನಿನ ಮೇಲೆ ವೇಗದ ಒತ್ತಡವನ್ನು ತಾಳಿಕೊಳ್ಳುವ ಬಗೆಯೇ ಅವರಿಗೆ ಸ್ಫೂರ್ತಿಯಂತೆ.

ಇಷ್ಟೆಲ್ಲ ಆದ ಆ ಆಸನವು ನಿರುಪಯೋಗಿಯಾದ ಕಥೆಯೂ ಇದೆ. 2025ರಲ್ಲಿ ಮಗನಿಗೆ ಇಂಗ್ಲೆಂಡಿನ ರೆಡಿಂಗ್ ನಗರಕ್ಕೆ ವರ್ಗವಾಯಿತು. ಮನೆಯ ಸಾಮಾನನ್ನೆಲ್ಲ ಮಾರಿದರೂ ಆಸನವನ್ನು ಮಾರಲಿಲ್ಲ. ವಿಮಾನದೊಳಗೆ ಅದಕ್ಕೆ ಒಪ್ಪಿಗೆಯೂ ದೊರೆಯಿತು. ಕೆಳಗಿಳಿದು ಕಾರು ಹತ್ತುವಾಗ ಮಾತ್ರ ಅದು ಕಾನೂನಿಗೆ ಹೊರಗಾಯಿತು! ಬ್ರಿಟನ್ನಿನ ರಸ್ತೆಯಲ್ಲಿ ವಿಶ್ವಸಂಸ್ಥೆಯ ಆರ್ 44 ಅಥವಾ ಆರ್ 129 ನಿಯಮಕ್ಕೆ ಹೊಂದಿದ, ವೃತ್ತದೊಳಗೆ ಇ ಅಕ್ಷರವಿರುವ ಕಿತ್ತಳೆ ಬಣ್ಣದ ಚೀಟಿಯ ಆಸನವೇ ಬೇಕು. ಅಮೆರಿಕೆಯದು ಬೇರೆಯೇ ಮಾನದಂಡ. ಅಲ್ಲಿನ ಎದೆಯ ಕ್ಲಿಪ್ಪು ಇಲ್ಲಿಲ್ಲ. ಅಲ್ಲಿನ ಕಾರುಗಳ ಪಟ್ಟಿಯನ್ನು ಪೂರ್ಣ ಎಳೆದು ಬಿಟ್ಟರೆ ತಾನೇ ಬಿಗಿದು ನಿಲ್ಲುತ್ತದೆ, ಇಲ್ಲಿನ ಪಟ್ಟಿಗಳು ಸಾಮಾನ್ಯವಾಗಿ ಹಾಗೆ ನಿಲ್ಲುವುದಿಲ್ಲ. ಯುರೋಪಿನ ಆಸನವನ್ನು ಅಮೆರಿಕೆಗೆ ಒಯ್ದವರಿಗೂ ಇದೇ ಗತಿ. ಕೆನಡಾಕ್ಕೆ ಅದರದೇ ರಾಷ್ಟ್ರೀಯ ಮುದ್ರೆ ಬೇಕು, ಆಸ್ಟ್ರೇಲಿಯಾಕ್ಕೆ ಅದರದೇ ಪ್ರಮಾಣ. ನಮ್ಮ ಸಮಾಜದ ಮಕ್ಕಳು ಇಂದು ಎಷ್ಟು ದೇಶಗಳಲ್ಲಿದ್ದಾರೆ! ಊರಿನಿಂದ ಆಸನ ಕೊಂಡೊಯ್ಯುವ ಮೊದಲು, ಅಥವಾ ದೇಶದಿಂದ ದೇಶಕ್ಕೆ ಸಾಗಿಸುವ ಮೊದಲು ಇದೊಂದನ್ನು ವಿಚಾರಿಸಿಕೊಂಡರೆ ಹಣವೂ ಶ್ರಮವೂ ಉಳಿಯುತ್ತವೆ. ಗೆಳೆಯರು ಕೊಡುವ ಹಳೆಯ ಆಸನವನ್ನು ಸುಮ್ಮನೆ ಒಪ್ಪಿಕೊಳ್ಳುವುದೂ ಬೇಡ. ಅದು ಹಿಂದೆ ಅಪಘಾತಕ್ಕೆ ಸಿಕ್ಕಿದ್ದರೆ ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ.

ಆ ವರ್ಷದ ಜೂನಿನಲ್ಲಿ ನಾವು ರೆಡಿಂಗಿಗೆ ಹೋದಾಗ ಮೊಮ್ಮಗನು ಮೂರು ದಾಟಿ, ಹೊಸ ಆಸನದಲ್ಲಿ ತಾನೇ ಏರಿ ಕೂರುವವನಾಗಿದ್ದ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಇದು ತಪ್ಪದು. ಒಂದು ಭಾನುವಾರ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಯನ್ನು ನೋಡಲು ರೈಲಿನಲ್ಲಿ ಲಂಡನ್ನಿಗೆ ಹೊರಟೆವು. ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪರಿಶ್ರಮದಿಂದ ಸ್ಥಾಪಿತವಾಗಿ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರಿಂದ ಅನಾವರಣಗೊಂಡ ಪ್ರತಿಮೆಯದು. ನಿಲ್ದಾಣದ ಹೊರಗೆ ತುಂತುರು ಮಳೆ. ನಾವು ಕೈ ಬೀಸಿ ಟ್ಯಾಕ್ಸಿ ನಿಲ್ಲಿಸಿದೆವು. ಮೊಮ್ಮಗನು ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಅಜ್ಜಾ, ನನ್ನ ಸೀಟ್ ಎಲ್ಲಿ?" ಎಂದ.

ಆಸನವಿಲ್ಲದ ಟ್ಯಾಕ್ಸಿಯಲ್ಲಿ ಮೂರು ದಾಟಿದ ಮಗುವು ಹಿಂದೆ ಕುಳಿತು ದೊಡ್ಡವರ ಪಟ್ಟಿ ಧರಿಸಿದರೆ ಅಲ್ಲಿನ ಕಾನೂನಿಗೆ ಸಮ್ಮತವೇ. ಮೂರರೊಳಗಿನ ಕೂಸಿಗೆ ಅದೂ ಬೇಡವೆಂದಿದೆ. ಮಗನು ಇದನ್ನು ಹೇಳಿದ, ಚಾಲಕನೂ ತಲೆಯಾಡಿಸಿದ. ಆದರೆ ದೊಡ್ಡವರ ಪಟ್ಟಿಯು ಅವನ ಕುತ್ತಿಗೆಗೆ ಬರುವುದನ್ನು ನಾವು ಕಣ್ಣಲ್ಲೇ ಅಳೆದಿದ್ದೆವು. ಚಾಲಕನ ಕ್ಷಮೆ ಕೇಳಿ, ಒಂದು ಛತ್ರಿಯ ಕೆಳಗೆ ಅಜ್ಜಿ ಮೊಮ್ಮಗರು, ಇನ್ನೊಂದರ ಕೆಳಗೆ ನಾವು, ನದಿಯ ದಂಡೆ ಹಿಡಿದು ನಡೆದೆವು. ತಲುಪುವಾಗ ಮಳೆ ನಿಂತಿತ್ತು. ನದಿಯಾಚೆ ಸಂಸತ್ ಭವನದ ಗೋಪುರಗಳು, ಈಚೆ ಹಸಿರಿನ ನಡುವೆ ಅಣ್ಣನವರು. ನಮ್ಮ ಕಾಲುಗಳು ನೆನೆದಿದ್ದವು.

ನಮ್ಮಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವಿದೆ. ಧಾರವಾಡದಲ್ಲಿ ಅದನ್ನು ಕೇಳಿದವರನ್ನು ನಾವು ಇನ್ನೂ ಕಂಡಿಲ್ಲ.

ಮೊನ್ನೆ ಮಗನು ದೂರವಾಣಿ ಮಾಡಿ, ಈ ಚಳಿಗಾಲದಲ್ಲಿ ಬರುವುದಾಗಿಯೂ ಆಸನವನ್ನು ಜೊತೆಗೆ ತರುವುದಾಗಿಯೂ ತಿಳಿಸಿದ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಪಟ್ಟಿಯ ಕೊಂಡಿಗಳು ಸರಿಯಾಗಿವೆಯೇ ಎಂದು ಕೇಳಿದ. ಬ್ಯಾಟರಿ ಹಿಡಿದು ನೋಡಿದರೆ ಕೊಂಡಿಗಳೇ ಇಲ್ಲ! ಕಾರು ಕೊಂಡ ವರ್ಷ ಅಕ್ಕರೆಯಿಂದ ಹೊಲಿಸಿದ ಸೀಟಿನ ಹೊದಿಕೆಯ ಕೆಳಗೆ ಅವು ಇಷ್ಟು ವರ್ಷ ಹುದುಗಿ ಹೋಗಿದ್ದವು. ನಮ್ಮ ಮನೆಯವರು ಒಳಗಿನಿಂದ ತಮ್ಮ ಹೊಲಿಗೆಯ ಕತ್ತರಿಯನ್ನು ತಂದರು. ಒಳ್ಳೆಯ ಹೊದಿಕೆ, ಎಂಟು ಸಾವಿರ ಕೊಟ್ಟದ್ದು. ಅವರು ಬ್ಯಾಟರಿ ಹಿಡಿದರು, ನಾವು ಕತ್ತರಿಸಿದೆವು.